ಚೆಂಡು ಹೂ ಎಲ್ಲಿಂದ ಬಂತು, ಬದುವಿನ ಹೂ ಎಲ್ಲಿಗೆ ಹೋಯ್ತು?

ಕಳೆದ ದೀಪಾವಳಿಗೆ ನಮ್ಮ ಬಳಗದ ನಾಲ್ಕು ಜನ ಸಿರಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದೆವು. ನಮ್ಮಲ್ಲೊಬ್ಬನ ಅಜ್ಜಿಯ ಮನೆ. ಬೆಳಿಗ್ಗೆ ಇನ್ನೂ ಕಾಫಿ ಕುಡಿದಿರಲಿಲ್ಲ, ಅಜ್ಜಿ ಕೈಗೊಂದು ಕುಕ್ಕೆ ಕೊಟ್ಟು ಹೊರಗೆ ಕಳಿಸಿದರು.

“ಹೊಲದ್ ತಾವ್ ಹೋಗಿ ಹೂವ ಕಿತ್ಕಂಬರ್ರಪ್ಪ. ಉತ್ರಾಣಿ ಕಡ್ಡಿ, ಅಣ್ಣೆ ಹೂವ, ತಂಗಡಿ ಹೂವ, ಹುಚ್ಚೆಳ್ಳು ಹೂವ. ಚೆಂಡೂವ ನೆನ್ನೆ ಸಂತೇಲಿ ತಂದೈತೆ, ಅದು ಬ್ಯಾಡ.”

ಸಗಣಿ ಉಂಡೆ ಕಟ್ಟಿ, ಅದರ ಮೇಲೆ ಹೂ ಸಿಕ್ಕಿಸಿ, ಹೊಸ್ತಿಲು, ಹಟ್ಟಿ, ತಿಪ್ಪೆ ಎಲ್ಲ ಕಡೆ ಇಡುವ ಪದ್ಧತಿ ನಿಮ್ಮೂರಲ್ಲೂ ಇರಬಹುದು. ದಾವಣಗೆರೆ ಕಡೆ ಹಟ್ಟಿ ಲಕ್ಕವ್ವ ಅಂತಾರೆ. ಉತ್ತರ ಕರ್ನಾಟಕದಲ್ಲಿ ಪಾಂಡವರು ಅಂತ ಐದು ಮಾಡಿ ಇಡುತ್ತಾರೆ. ಹೆಸರು ಬೇರೆ, ಸಗಣಿ ಅದೇ, ಸಿಕ್ಕಿಸುವ ಹೂ ಹೆಚ್ಚುಕಮ್ಮಿ ಅವೇ.

ಒಂದೂವರೆ ಗಂಟೆ ತಿರುಗಿದೆವು. ಬದುಗಳೆಲ್ಲ ಸುಟ್ಟ ಹಾಗೆ ಹಳದಿಯಾಗಿದ್ದವು. ಬೆಂಕಿ ಬಿದ್ದದ್ದಲ್ಲ, ಕಳೆನಾಶಕ ಹೊಡೆದದ್ದು. ತಂಗಡಿ ರಸ್ತೆ ಪಕ್ಕದಲ್ಲಿ ಸಿಕ್ಕಿತು. ಅಣ್ಣೆ ಹೂ ಒಂದು ರಾಗಿ ಹೊಲದ ಮೂಲೆಯಲ್ಲಿ ನಾಲ್ಕೈದು ತೆನೆ. ಹುಚ್ಚೆಳ್ಳು ಆ ವರ್ಷ ಆ ಊರಲ್ಲಿ ಯಾರೂ ಬಿತ್ತಿರಲೇ ಇಲ್ಲ. ಉತ್ತರಾಣಿ ಕೊನೆಗೆ ಹಳೇ ಶಾಲೆಯ ಕಾಂಪೌಂಡಿನ ಹಿಂದೆ ಸಿಕ್ಕಿತು, ಪಂಚಾಯ್ತಿಯವರು ಔಷಧಿ ಹೊಡೆಯುವುದನ್ನು ಮರೆತ ಜಾಗದಲ್ಲಿ.

ಅಜ್ಜಿ ಕುಕ್ಕೆ ನೋಡಿ “ಇಷ್ಟೇನಾ?” ಅಂದರು. ನಮ್ಮಲ್ಲೊಬ್ಬಳು ಸಮಾಧಾನಕ್ಕೆ, “ಹೋಗ್ಲಿ ಬಿಡಜ್ಜಿ, ಚೆಂಡು ಹೂ ಇದೆಯಲ್ಲ, ಅದೇ ತಾನೆ ಹಿಂದಿನ ಕಾಲದಿಂದ ಬಂದ ಹೂ?” ಅಂದಳು.

“ಯಾರಂದ್ರು ಮಗಾ? ಅದು ಹಿತ್ಲು ಹೂವ. ಬದಿನ್ ಹೂವ ಬ್ಯಾರೆ.”

ಅಜ್ಜಿ ಇತಿಹಾಸ ಓದಿದವರಲ್ಲ. ಆದರೂ ಹಿತ್ತಲ ಹೂ ಬೇರೆ, ಬದುವಿನ ಹೂ ಬೇರೆ ಅನ್ನುವ ಆ ಮಾತು ನಮ್ಮ ತಲೆಯಿಂದ ಹೋಗಲಿಲ್ಲ. ಅಲ್ಲಿಂದ ಬಂದ ಮೇಲೆ ಪುಸ್ತಕ ತಿರುವಿದೆವು, ಬೀದರ್, ಹಾವೇರಿ ಕಡೆಯ ನಮ್ಮ ಗೆಳೆಯರಿಗೆ ಫೋನ್ ಹಚ್ಚಿದೆವು. ಈ ಬರಹ ಅದರಿಂದ ಹುಟ್ಟಿದ್ದು.

ಮೊದಲು ಚೆಂಡು ಹೂವಿನ ವಿಷಯ. ಇವತ್ತು ದಸರಾ, ದೀಪಾವಳಿ ಅಂದರೆ ಕಣ್ಣಿಗೆ ಬರುವುದೇ ಅದು. ಆಯುಧ ಪೂಜೆಯ ದಿನ ಬಸ್ಸಿಗೆ, ಟ್ರ್ಯಾಕ್ಟರಿಗೆ, ಹೊಲಿಗೆ ಯಂತ್ರಕ್ಕೆ, ಕಂಪ್ಯೂಟರಿಗೂ ಚೆಂಡು ಹೂವಿನ ಹಾರ. ಅದಿಲ್ಲದ ಮಹಾನವಮಿಯನ್ನು ಊಹಿಸಿಕೊಳ್ಳುವುದೇ ಕಷ್ಟ.

ಆದರೆ ನಮ್ಮ ನೆಲದ ಅತಿ ದೊಡ್ಡ ಮಹಾನವಮಿ ನಡೆದದ್ದು ಅದಿಲ್ಲದೆ. ವಿಜಯನಗರಕ್ಕೆ 1443ರಲ್ಲಿ, ಎರಡನೇ ದೇವರಾಯನ ಕಾಲದಲ್ಲಿ, ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಬಂದ. ಈ ಊರಲ್ಲಿ ಎಲ್ಲಿ ನೋಡಿದರೂ ಗುಲಾಬಿ ಮಾರುತ್ತಾರೆ, ಇಲ್ಲಿನ ಜನಕ್ಕೆ ಅದು ಊಟದಷ್ಟೇ ಅಗತ್ಯ ಅನ್ನುವ ಅರ್ಥದಲ್ಲಿ ಬರೆದಿಟ್ಟ. ಪರ್ಷಿಯನ್ನಿನಲ್ಲಿ ‘ಗುಲ್’ ಅಂದರೆ ಗುಲಾಬಿಯೂ ಹೌದು, ಹೂವೂ ಹೌದು ಅನ್ನುವುದನ್ನು ಪಕ್ಕದಲ್ಲಿಟ್ಟುಕೊಂಡೇ ಓದಬೇಕು. ಆಮೇಲೆ 1520ರ ಆಸುಪಾಸಿನಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ, ಪೋರ್ಚುಗಲ್ಲಿನ ಡೊಮಿಂಗೊ ಪಾಯೆಸ್ ಒಂಬತ್ತು ದಿನದ ಮಹಾನವಮಿಯನ್ನು ಕಣ್ಣಾರೆ ನೋಡಿ ವಿವರವಾಗಿ ಬರೆದ. ಅರಸ ಬುಟ್ಟಿಯಿಂದ ಬಿಳಿ ಗುಲಾಬಿಯನ್ನು ಮೂರು ಹಿಡಿ ತೆಗೆದು ಪಟ್ಟದ ಕುದುರೆಗಳ ಮೇಲೆ ಎರಚಿದ್ದನ್ನು ಅವನು ಹೇಳುತ್ತಾನೆ. ಇಬ್ಬರೂ ಹೆಸರಿಟ್ಟು ಹೇಳುವ ಹೂ ಗುಲಾಬಿ. ಅದಕ್ಕಿಂತ ಹಿಂದಿನ ನಮ್ಮ ಕಾವ್ಯಗಳಿಗೆ ಹೋದರೆ ಮಲ್ಲಿಗೆ, ಸಂಪಿಗೆ, ಕೇದಗೆ, ಸುರಗಿ, ಪಾದರಿ. ಪಂಪನ ತೋಟದಲ್ಲಿ ಚೆಂಡು ಹೂ ಇರಲು ಸಾಧ್ಯವೇ ಇರಲಿಲ್ಲ. ಆಗ ಆ ಗಿಡ ಅಟ್ಲಾಂಟಿಕ್ ಸಾಗರದ ಆಚೆ ದಡದಲ್ಲಿತ್ತು.

ಚೆಂಡು ಹೂವಿನ ತವರು ಮೆಕ್ಸಿಕೋ. ಅಲ್ಲಿನ ಅಜ್‌ಟೆಕ್ ಜನರ ನಾವಾಟಲ್ ಭಾಷೆಯಲ್ಲಿ ಅದಕ್ಕಿದ್ದ ಹೆಸರಿನ ಅರ್ಥ ‘ಇಪ್ಪತ್ತು ಹೂ’. ಒಂದೇ ಹೂವಿನಲ್ಲಿ ಬಹಳ ಹೂ ಅಂತ. ಈಗ ಅಲ್ಲಿನವರು ಅದನ್ನು ಸೆಂಪಾಸೂಚಿಲ್ ಅಂತಾರೆ. 1552ರಲ್ಲಿ ಮಾರ್ಟಿನ್ ಡಿ ಲಾ ಕ್ರೂಜ್ ಅನ್ನುವ ಅಲ್ಲಿನ ನಾಟಿ ವೈದ್ಯರು ಹೇಳಿದ್ದನ್ನು ಲ್ಯಾಟಿನ್ನಿಗೆ ಇಳಿಸಿ ಚಿತ್ರ ಸಮೇತ ಮಾಡಿದ ಗಿಡಮೂಲಿಕೆ ಪುಸ್ತಕದಲ್ಲಿ ಈ ಹೂವೂ ಇದೆ. ಬಿಕ್ಕಳಿಕೆಗೆ, ಸಿಡಿಲು ಬಡಿದವರಿಗೆ, ಹೊಳೆಯನ್ನು ಕ್ಷೇಮವಾಗಿ ದಾಟಬೇಕಾದವರಿಗೆ ಅಂತ. ಹೊಳೆ ದಾಟುವವರಿಗೆ ಹೇಳಿದ ಹೂ ಆಮೇಲೆ ಎರಡು ಸಾಗರ ದಾಟಿತು.

ಮೆಕ್ಸಿಕೋದಲ್ಲಿ ನವೆಂಬರ್ 1 ಮತ್ತು 2 ಸತ್ತವರ ಹಬ್ಬ. ನಾವು ಮಾರ್ಲಮಿಗೆ ಹಿರಿಯರಿಗೆ ಎಡೆ ಇಡುವಂತೆ ಅವರೂ ಮನೆಯಲ್ಲಿ ಫೋಟೊ ಇಟ್ಟು, ಅವರಿಗೆ ಇಷ್ಟವಾದ ತಿಂಡಿ ಇಟ್ಟು, ಚೆಂಡು ಹೂವಿನ ಗೊಂಚಲು ಜೋಡಿಸುತ್ತಾರೆ. ಬೀದಿಯಿಂದ ಆ ಎಡೆಯವರೆಗೆ ಎಸಳು ಚೆಲ್ಲಿ ದಾರಿ ಮಾಡುತ್ತಾರೆ. ಆ ಬಣ್ಣ, ಆ ವಾಸನೆ ಹಿಡಿದು ಹಿರಿಯರು ಮನೆಗೆ ಬರುತ್ತಾರೆ ಅನ್ನುವ ನಂಬಿಕೆ. ಎಷ್ಟೋ ವರ್ಷ ನಮ್ಮ ದೀಪಾವಳಿಯೂ ಅದೇ ವಾರದಲ್ಲಿ ಬರುತ್ತದೆ. ಭೂಮಿಯ ಆ ಕಡೆ, ಈ ಕಡೆ ಒಂದೇ ಹೂ, ಒಂದೇ ಹೊತ್ತಿನಲ್ಲಿ, ಮನೆ ಬಾಗಿಲಿಗೆ. ಇದು ಗೊತ್ತಾದ ದಿನ ನಾವೆಲ್ಲ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಇಲ್ಲಿಗೆ ಹೇಗೆ ಬಂತು? 16ನೇ ಶತಮಾನದಲ್ಲಿ ಸ್ಪೇನಿನವರು ಮೆಕ್ಸಿಕೋದಿಂದ ಯೂರೋಪಿಗೆ ಒಯ್ದರು, ಪೋರ್ಚುಗೀಸರ ಹಡಗು ಅದನ್ನು ನಮ್ಮ ಕರಾವಳಿಗೆ ತಂದಿತು. ಪೋರ್ಚುಗೀಸರು ಬಿಜಾಪುರದವರಿಂದ ಗೋವಾ ಕಿತ್ತುಕೊಂಡದ್ದು 1510ರಲ್ಲಿ. ಅದಕ್ಕೆ ನೆರವಾದವನು ಹೊನ್ನಾವರದ ತಿಮ್ಮಯ್ಯ, ಅವರ ಬಾಯಲ್ಲಿ ತಿಮೋಜ. ಮೆಣಸಿನಕಾಯಿ, ಗೋಡಂಬಿ, ಪರಂಗಿ, ಸೀಬೆ ಬಂದದ್ದೂ ಹಾಗೆಯೇ. ಪರಂಗಿ ಹಣ್ಣಿಗೆ ನಾವು ಹೆಸರಲ್ಲೇ ಪರಂಗಿಯವರನ್ನು ಉಳಿಸಿಕೊಂಡೆವು. ಚೆಂಡು ಹೂವಿಗೆ ಮಾತ್ರ ಆ ಗುರುತು ಅಂಟಲಿಲ್ಲ.

ಹೆಸರುಗಳನ್ನೇ ನೋಡಿ. ಕನ್ನಡದಲ್ಲಿ ಚೆಂಡು, ಕರಾವಳಿಯಲ್ಲಿ ಗೊಂಡೆ, ತೆಲುಗಿನಲ್ಲಿ ಬಂತಿ, ಮರಾಠಿಯಲ್ಲಿ ಝೆಂಡು, ಹಿಂದಿಯಲ್ಲಿ ಗೇಂದಾ. ಗೊಂಡೆ ಒಂದು ಬಿಟ್ಟರೆ ಮಿಕ್ಕವೆಲ್ಲ ಆಡುವ ಚೆಂಡಿನ ಸುತ್ತಲೇ ಇವೆ. ಗೊಂಡೆಯೂ ದುಂಡಗಿನ ಕುಚ್ಚೇ. ತಮಿಳಿನಲ್ಲಿ ಒಂದು ಹೆಸರು ತುಲುಕ್ಕ ಸಾಮಂತಿ, ಅಂದರೆ ತುರುಕರ ಸೇವಂತಿಗೆ. ಇಂಗ್ಲಿಷಿನವರು ಅದನ್ನು ‘ಆಫ್ರಿಕನ್ ಮಾರಿಗೋಲ್ಡ್’ ಅಂದರು. ಮೆಕ್ಸಿಕೋದ ಹೂ ಒಬ್ಬರಿಗೆ ತುರುಕರದ್ದು, ಇನ್ನೊಬ್ಬರಿಗೆ ಆಫ್ರಿಕಾದ್ದು. ನಾವಂತೂ ಆಕಾರ ನೋಡಿ ಹೆಸರಿಟ್ಟು ಸುಮ್ಮನಾದೆವು.

ಸುಮ್ಮನೆ ಇಟ್ಟ ಹೆಸರೂ ಅಲ್ಲ ಅದು. ಬೊಕೆ ಅನ್ನುವುದಕ್ಕೆ ಕನ್ನಡದಲ್ಲಿ ಮೊದಲೇ ಒಂದು ಮಾತಿತ್ತು: ಹೂಚೆಂಡು. ಹಳಗನ್ನಡದಲ್ಲಿ ಪೂಚೆಂಡು. ಹಲವು ಹೂಗಳನ್ನು ಉಂಡೆಯಾಗಿ ಒತ್ತಿ ಕಟ್ಟಿದ್ದು. ಕೈಯಲ್ಲಿ ಹಿಡಿಯಲು, ಎಸೆದಾಡಲು. ಈ ಹೊಸ ಗಿಡ ಬಂದಾಗ, ಯಾರೂ ಕಟ್ಟದೆಯೇ ಕಟ್ಟಿದಂತಿದ್ದ ಹೂವನ್ನು ನೋಡಿ ಜನಕ್ಕೆ ಆ ಮಾತು ನೆನಪಾಗಿರಬೇಕು ಅಂತ ನಮ್ಮ ಊಹೆ. ಸಸ್ಯಶಾಸ್ತ್ರದ ಪ್ರಕಾರವೂ ಅದು ಸರಿಯೇ. ನೀವು ಒಂದು ಎಸಳು ಅಂತ ಕೀಳುವುದು ನಿಜವಾಗಿ ಒಂದು ಇಡೀ ಪುಟ್ಟ ಹೂ. ಬುಡದಲ್ಲಿ ಅದಕ್ಕೆ ಅದರದೇ ಬೀಜ. ಒಂದು ಚೆಂಡು ಹೂ ಅಂದರೆ ನೂರಾರು ಹೂಗಳ ಗುಚ್ಛ. ‘ಇಪ್ಪತ್ತು ಹೂ’ ಅಂದವರೂ, ‘ಚೆಂಡು’ ಅಂದವರೂ ಇದನ್ನೇ ಕಂಡದ್ದು.

ಸೇವಂತಿಗೆಯೂ ಹೊರಗಿನದೇ. ಚೀನಾದಲ್ಲಿ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲದಿಂದ ಬೆಳೆಯುತ್ತಿದ್ದಾರೆ. ಅವರ ಒಂಬತ್ತನೇ ತಿಂಗಳ ಒಂಬತ್ತನೇ ದಿನದ ಹಬ್ಬಕ್ಕೆ ಅದೇ ಹೂ. ಸಂಸ್ಕೃತ ನಿಘಂಟು ತೆಗೆದರೆ ಸೇವತೀ, ಸೇವಂತೀ ಅನ್ನುವುದಕ್ಕೆ ಬಿಳಿ ಗುಲಾಬಿ ಅಂತ ಅರ್ಥ ಕೊಟ್ಟಿರುತ್ತಾರೆ. ಒಂದು ಹೂವಿನ ಹೆಸರು ಇನ್ನೊಂದಕ್ಕೆ ದಾಟಿತು.

ಇನ್ನು ಹುಚ್ಚೆಳ್ಳು. ಉತ್ತರ ಕರ್ನಾಟಕದ ಗುರೆಳ್ಳು. ಇದಾದರೂ ನಮ್ಮದು ಅಂದುಕೊಂಡರೆ, ಅದರ ತವರು ಇಥಿಯೋಪಿಯಾ. ಆದರೆ ಅದು ಪೋರ್ಚುಗೀಸರಿಗಿಂತ ಬಹಳ ಹಿಂದೆಯೇ ಬಂದು ನಮ್ಮ ರಾಗಿ ಹೊಲದಲ್ಲಿ ಅಕ್ಕಡಿ ಸಾಲಾಗಿ ನಿಂತುಬಿಟ್ಟಿತು.

ಅಲ್ಲಿಗೆ ಅಜ್ಜಿಯ ಕುಕ್ಕೆಯಲ್ಲಿ ಪಕ್ಕಾ ಬದುವಿನವು ಅಂತ ಉಳಿದದ್ದು ತಂಗಡಿ, ಅಣ್ಣೆ, ಉತ್ತರಾಣಿ. ಇವುಗಳಲ್ಲಿ ಯಾವುದನ್ನೂ ಯಾರೂ ಹೂವಿಗಾಗಿ ಬೆಳೆದದ್ದಲ್ಲ. ತಂಗಡಿಯ ತೊಗಟೆ ಚರ್ಮ ಹದ ಮಾಡುವುದಕ್ಕೆ, ಎಲೆ ಗೊಬ್ಬರಕ್ಕೆ, ಹೂ ಕಷಾಯಕ್ಕೆ. ಅಣ್ಣೆ ಎಳೆಯದಿದ್ದಾಗ ಸೊಪ್ಪು, ಸಾರಿಗೆ. ಬಲಿತರೆ ಕಳೆ, ರೈತನ ಬೈಗುಳಕ್ಕೆ. ಬೆಳ್ಳಗೆ, ತುದಿ ಗುಲಾಬಿಯಾಗಿ ತೆನೆ ಬಿಟ್ಟಾಗ ಹಬ್ಬಕ್ಕೆ. ಉತ್ತರಾಣಿ ಕಡ್ಡಿ ಹಲ್ಲುಜ್ಜಲು, ಬೇರು ಔಷಧಿಗೆ. ಹುಚ್ಚೆಳ್ಳಂತೂ ಎಣ್ಣೆ, ಚಟ್ನಿಪುಡಿ, ಜೇನು ಮೂರಕ್ಕೂ. ಹೂ ಅನ್ನುವುದು ಈ ಗಿಡಗಳಿಗೆ ಎರಡನೇ ಕೆಲಸ. ನೀರು ಹಾಯಿಸಿದ್ದಿಲ್ಲ, ದುಡ್ಡು ಕೊಟ್ಟು ಬೀಜ ತಂದದ್ದಿಲ್ಲ. ಮನೆ ಅಲಂಕಾರಕ್ಕೆ ಮಣ್ಣನ್ನು ಕೆಡಿಸದ ಹೂ ಬೇಕು ಅಂತ ಈಗ ಪೇಟೆಯವರು ಹುಡುಕುತ್ತಾರಲ್ಲ, ಅದು ನಮ್ಮ ಬದುವಿನಲ್ಲಿ ಹೆಸರಿಲ್ಲದೆ ನಡೆದಿತ್ತು.

ಬೀದರಿನ ನಮ್ಮ ಗೆಳತಿಗೆ ಇದನ್ನು ಹೇಳಿದಾಗ ಅವಳು ನಕ್ಕಳು. “ನಿಮ್ಮ ತಂಗಡಿ, ಅಣ್ಣೆ ಎರಡನ್ನೂ ನಮ್ಮ ಗಡಿಯಾಚೆ ದೇವೀನೇ ಮಾಡ್ಯಾರ” ಅಂದಳು. ತೆಲಂಗಾಣದ ಬತುಕಮ್ಮ ಹಬ್ಬದ ಮಾತು. ಮಹಾಲಯ ಅಮಾವಾಸ್ಯೆಯಿಂದ ಒಂಬತ್ತು ದಿನ ಹೆಂಗಸರು ತಟ್ಟೆಯಲ್ಲಿ ಸುತ್ತು ಸುತ್ತಾಗಿ ಹೂ ಜೋಡಿಸಿ ಗೋಪುರ ಮಾಡಿ, ಸುತ್ತಲೂ ಹಾಡಿ, ಕೊನೆಗೆ ಕೆರೆಗೆ ಬಿಡುತ್ತಾರೆ. ಅದಕ್ಕೆ ಬೇಕೇ ಬೇಕಾದದ್ದು ತಂಗೇಡು ಮತ್ತು ಗುನುಗು. ನಮ್ಮ ತಂಗಡಿಯೇ ತಂಗೇಡು, ನಮ್ಮ ಅಣ್ಣೆಯೇ ಗುನುಗು. 2014ರಲ್ಲಿ ತೆಲಂಗಾಣ ರಾಜ್ಯವಾದಾಗ ಬತುಕಮ್ಮ ನಾಡಹಬ್ಬವಾಯಿತು, ತಂಗೇಡು ಆಮೇಲೆ ರಾಜ್ಯದ ಹೂವಾಯಿತು. ಒಂದು ಕಡೆ ಕಳೆ, ಇನ್ನೊಂದು ಕಡೆ ನಾಡಿನ ಗುರುತು. ಹಾಗಂತ ಅಲ್ಲಿ ಎಲ್ಲ ಚೆಂದ ಅಂತಲೂ ಅಲ್ಲ. ಗುನುಗನ್ನು ಅಂಗಡಿಯ ಬಣ್ಣದಲ್ಲಿ ಅದ್ದುವುದು ಈಗ ರೂಢಿ, ಆ ಬಣ್ಣವೂ ಹೂವಿನ ಜತೆ ಕೆರೆಗೇ ಹೋಗುತ್ತದೆ.

ಈ ಹೂಗಳೆಲ್ಲ ಯಾಕೆ ದಸರಾ, ದೀಪಾವಳಿಗೇ ಅರಳುತ್ತವೆ ಅಂತ ಕೇಳಿದರೆ, ಮಳೆ ಬಿದ್ದಿರುತ್ತಲ್ಲ ಅಂತಾರೆ. ಅದಷ್ಟೇ ಅಲ್ಲ. 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಅನ್ನುವ ಇಬ್ಬರು ವಿಜ್ಞಾನಿಗಳು ತಂಬಾಕು, ಸೋಯಾ ಗಿಡಗಳ ಮೇಲೆ ಮಾಡಿದ ಪ್ರಯೋಗ ಪ್ರಕಟಿಸಿದರು. ಕೆಲವು ಗಿಡಗಳು ಹಗಲು ಕಿರಿದಾಗಿ ರಾತ್ರಿ ಉದ್ದವಾದಾಗ ಮಾತ್ರ ಹೂ ಬಿಡುತ್ತವೆ ಅಂತ ತೋರಿಸಿದರು. ಸೇವಂತಿಗೆ ಅಂಥದ್ದು. ಹುಚ್ಚೆಳ್ಳು, ಚೆಂಡು ಹೂಗಳಿಗೂ ಆ ಗುಣ ಇದೆ. ಭಾದ್ರಪದ ಕಳೆದು ಕತ್ತಲು ಬೇಗ ಆಗತೊಡಗಿದಾಗ ಅವಕ್ಕೆ ಸೂಚನೆ ಸಿಗುತ್ತದೆ. ರಾತ್ರಿ ಹೊತ್ತು ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ಬಸ್ಸಿನಲ್ಲಿ ಹೋದವರು ಸೇವಂತಿಗೆ ತೋಟದ ತುಂಬ ಬಲ್ಬು ಉರಿಯುವುದನ್ನು ನೋಡಿರಬಹುದು. ಅದು ಗಿಡಕ್ಕೆ ಇನ್ನೂ ರಾತ್ರಿ ಉದ್ದವಾಗಿಲ್ಲ ಅಂತ ನಂಬಿಸುವ ಉಪಾಯ. ಬಲ್ಬು ಆರಿಸಿದ ಮೇಲೆ ಮೊಗ್ಗು. ಬೇಕಾದ ತಿಂಗಳಿಗೆ ಬೇಕಾದ ಹೂ. ಬೆಳೆದವರಿಗೆ ನಾಲ್ಕು ಕಾಸು ಸಿಗುವುದಾದರೆ ನಮ್ಮ ತಕರಾರಿಲ್ಲ. ಆದರೆ ಕರೆಂಟು ಬಿಲ್ಲು ಇಟ್ಟು ಬೆಳೆದ ಹೂ, ಕಾರ್ತಿಕದ ಕತ್ತಲಿಗೆ ತಾನೇ ಅರಳಿದ ಹೂ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಮಾರುಕಟ್ಟೆಯಲ್ಲಿ ಎರಡನೆಯದಕ್ಕೆ ಬೆಲೆ ಕಟ್ಟುವವರು ಯಾರು?

ಈಗ ಈ ಬರಹದ ಮುಖ್ಯ ಮಾತಿಗೆ ಬರುತ್ತೇವೆ. ಮೆಕ್ಸಿಕೋದ ಹೂ ನಮ್ಮದಾದದ್ದು ಹೇಗೆ? ಪೋರ್ಚುಗೀಸರು ತಂದರು ಅಂದರೆ ಹಡಗಿನ ಕಥೆ ಮುಗಿಯಿತು ಅಷ್ಟೇ. ಹೊನ್ನಾವರದ ಬಂದರಿನಿಂದ ಸಿರಾದ ಹಿತ್ತಲಿಗೆ ಅದನ್ನು ತಂದವರ ಹೆಸರು ಯಾವ ದಫ್ತರದಲ್ಲೂ ಇಲ್ಲ. ನಮ್ಮ ಕಣ್ಣಿಗೆ ಅವರು ಹೆಂಗಸರು. ಹಬ್ಬದ ಹಾರ ಒಣಗಿದ ಮೇಲೆ ಒಳ್ಳೆಯ ಹೂ ನಾಲ್ಕು ಆರಿಸಿ, ಬಟ್ಟೆಯಲ್ಲಿ ಕಟ್ಟಿ, ಮಾಡಿನ ತೊಲೆಗೆ ಸಿಕ್ಕಿಸಿಟ್ಟು, ಮುಂದಿನ ಮುಂಗಾರಿಗೆ ಹಿತ್ತಲಲ್ಲಿ ಉದುರಿಸಿದವರು. ತವರಿಗೆ ಹೋದಾಗ ಮಡಿಲಲ್ಲಿ ಒಂದು ಹಿಡಿ ತಂದವರು. ಸೇವಂತಿಗೆಯದೂ ಅದೇ ಕಥೆ, ಅಲ್ಲಿ ಬೀಜದ ಬದಲು ಬುಡದಲ್ಲಿ ಒಡೆದ ಮರಿ. ಪಕ್ಕದ ಮನೆಯಾಕೆ ಕೇಳಿದರೆ ಕಿತ್ತು ಕೊಡುವುದು. ನಾಲ್ಕು ನೂರು ವರ್ಷ ಹೀಗೆ ನಡೆದು, ಊರೂರಿಗೆ ಒಂದೊಂದು ಬಗೆ ನಿಂತಿತು. ಒಂದು ಕಡೆ ಕೆಂಪು ಮಿಶ್ರ, ಒಂದು ಕಡೆ ಕಿತ್ತಳೆ, ಒಂದು ಕಡೆ ಸಣ್ಣ ಹಳದಿ. ಬೀಜ ಕೈಯಲ್ಲಿ ಇದ್ದುದರಿಂದ ಹೂ ನಮ್ಮದಾಯಿತು.

ಆ ಕೈ ಈಗ ತಪ್ಪಿದೆ. ಹಾವೇರಿ ಕಡೆಯ ನಮ್ಮ ಗೆಳೆಯನ ಮನೆಯಲ್ಲಿ ಎರಡು ವರ್ಷದ ಹಿಂದೆ ಅರ್ಧ ಎಕರೆಗೆ ಹೈಬ್ರಿಡ್ ಚೆಂಡು ಸಸಿ ಹಾಕಿದರು. ನರ್ಸರಿಯಲ್ಲಿ ಸಸಿ ಲೆಕ್ಕದಲ್ಲಿ ದುಡ್ಡು. ಹೂವೇನೋ ಭರ್ಜರಿ ಬಂತು, ಒಂದೊಂದು ಮುಷ್ಟಿ ಗಾತ್ರ. ದಸರಾ ಮುನ್ನಾದಿನದವರೆಗೂ ರೇಟು ಇತ್ತು. ವಿಜಯದಶಮಿ ದಾಟಿದ್ದೇ ತಡ, ಬಿಡಿಸುವ ಕೂಲಿಯೂ ಹುಟ್ಟಲಿಲ್ಲ. ಒಂದು ಟೆಂಪೊ ಹೂವನ್ನು ಮಾರುಕಟ್ಟೆಯ ಹೊರಗೆ ಸುರಿದು ಬಂದರು. “ಮುಂದಿನ ವರ್ಷ ಬೀಜನಾರ ಉಳೀತದ ಬಿಡು” ಅಂತ ಅವರವ್ವ ಒಂದಷ್ಟು ಒಣ ಹೂ ಎತ್ತಿಟ್ಟರು. ಮುಂದಿನ ವರ್ಷ ಬಿತ್ತಿದರೆ ಕೆಲವು ಎತ್ತರ, ಕೆಲವು ಗಿಡ್ಡ, ಕೆಲವಕ್ಕೆ ಒಂದೇ ಸುತ್ತು ಎಸಳು. ಹೈಬ್ರಿಡ್ ಬೀಜದ ಮಕ್ಕಳು ತಾಯಿಯ ಹಾಗೆ ಬರುವುದಿಲ್ಲ, ಒಡೆದುಹೋಗುತ್ತವೆ. ಮಾರುಕಟ್ಟೆಯಲ್ಲಿ ಅಂಥ ಹೂ ಯಾರೂ ಮುಟ್ಟಲಿಲ್ಲ. ಮತ್ತೆ ನರ್ಸರಿಗೇ ಹೋಗಬೇಕಾಯಿತು.

ಅಲ್ಲಿ ತವರಲ್ಲೂ ಇದೇ ಜಗಳ. ಮೆಕ್ಸಿಕೋ ನಗರದ ಅಂಚಿನ ಸೋಚಿಮಿಲ್ಕೊ, ಹೆಸರಿನ ಅರ್ಥವೇ ಹೂವಿನ ಹೊಲ, ಈಗ ಕುಂಡದಲ್ಲಿ ಬೆಳೆಯುವ ಗಿಡ್ಡ ಹೈಬ್ರಿಡ್ ಚೆಂಡು ಹೂವಿನಿಂದ ತುಂಬಿದೆ. ಎತ್ತರಕ್ಕೆ ಬೆಳೆಯುವ, ವಾಸನೆ ಜಾಸ್ತಿ ಇರುವ ನಾಟಿ ಸೆಂಪಾಸೂಚಿಲ್ ಬೀಜವನ್ನು ಉಳಿಸಿ, ಅದನ್ನೇ ಕೊಳ್ಳಿ ಅಂತ ಹೇಳುವ ರೈತರು ಅಲ್ಲೂ ಇದ್ದಾರೆ.

ನಮ್ಮಲ್ಲಿ ಚೆಂಡು ಹೂ ಬರೀ ಹಬ್ಬದ ಹೂವಾಗಿಯೂ ಉಳಿದಿಲ್ಲ. ಗುಂಡ್ಲುಪೇಟೆಯ ಹಳದಿ ಹೊಲಗಳ ಫೋಟೊ ನೀವೂ ವಾಟ್ಸಾಪಿನಲ್ಲಿ ನೋಡಿರುತ್ತೀರಿ. ಅದರಲ್ಲಿ ಒಂದು ಪಾಲು ಓಣಂ ಹೊತ್ತಿಗೆ ಕೇರಳದ ಅಂಗಳಕ್ಕೆ ಹೋಗುತ್ತದೆ. ಇನ್ನೊಂದು ಪಾಲು ಕಂಪನಿಗಳ ಒಪ್ಪಂದದ ಬೆಳೆ, ಒಣಗಿಸಿ ಬಣ್ಣ ತೆಗೆಯಲು. ಆ ಬಣ್ಣ ಕೋಳಿ ಆಹಾರಕ್ಕೆ ಸೇರುತ್ತದೆ. ಮೊಟ್ಟೆಯ ಹಳದಿ ಹೆಚ್ಚು ಹಳದಿಯಾಗಲಿ ಅಂತ. ಹಿರಿಯರಿಗೆ ದಾರಿ ತೋರಿಸುವ ಹೂ ಆಮ್ಲೆಟ್ಟಿಗೆ ಬಣ್ಣವಾಯಿತು.

ಇನ್ನು ಸಭೆ ಸಮಾರಂಭದ ಬೊಕೆ. ಪ್ಲಾಸ್ಟಿಕ್ ಹಾಳೆ, ರಿಬ್ಬನ್ನು, ಒಳಗೆ ಹಸಿರು ಸ್ಪಂಜಿನಂಥದ್ದೊಂದು. ಆ ಸ್ಪಂಜೂ ಪ್ಲಾಸ್ಟಿಕ್ಕೇ, ಮಣ್ಣಲ್ಲಿ ಕರಗುವುದಿಲ್ಲ. ಆಗಸ್ಟ್ 2021ರಲ್ಲಿ ಕರ್ನಾಟಕ ಸರ್ಕಾರ ತನ್ನ ಕಾರ್ಯಕ್ರಮಗಳಲ್ಲಿ ಹಾರ, ಹೂಗುಚ್ಛ, ಶಾಲು ಬೇಡ, ಕೊಡುವುದಾದರೆ ಕನ್ನಡ ಪುಸ್ತಕ ಕೊಡಿ ಅಂತ ಆದೇಶ ಹೊರಡಿಸಿತು. ಪುಸ್ತಕ ಕೊಡಲಿ, ಸಂತೋಷ. ಆದರೆ ಹೂ ಬೆಳೆಯುವವರ ಕಣ್ಣಿಂದ ನೋಡಿದರೆ, ಪ್ಲಾಸ್ಟಿಕ್ಕನ್ನು ಮಾತ್ರ ಬೇಡ ಅಂದಿದ್ದರೆ ಸಾಕಿತ್ತು. ಬಾಳೆ ನಾರಲ್ಲಿ ಕಟ್ಟಿದ ಹೂಚೆಂಡಿಗೆ ಏನು ದೋಷ?

ರೈತ ಓದುಗರು ಇಲ್ಲಿಯವರೆಗೆ ತಾಳ್ಮೆಯಿಂದ ಬಂದಿದ್ದರೆ ಅವರಿಗೊಂದು ಕೆಲಸದ ಮಾತು. ಚೆಂಡು ಹೂವನ್ನು ಇಡೀ ಹೊಲಕ್ಕೆ ಹಾಕಿ ರೇಟಿಗೆ ಕಾಯುವುದಕ್ಕಿಂತ ಬೇರೆ ಬೆಳೆಯ ಜತೆ ಹಾಕುವುದು ಮೇಲು. ಅದರ ಬೇರಿನಿಂದ ಬರುವ ವಸ್ತು ಬೇರುಗಂಟು ಮಾಡುವ ಜಂತುಹುಳುಗಳನ್ನು ತಗ್ಗಿಸುತ್ತದೆ. ಟೊಮ್ಯಾಟೊಗೆ ಕಾಯಿಕೊರಕದ ಕಾಟ ಇದ್ದರೆ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಹೇಳಿದ ಕ್ರಮ ಹೀಗಿದೆ: 16 ಸಾಲು ಟೊಮ್ಯಾಟೊಗೆ 1 ಸಾಲು ಎತ್ತರದ ಚೆಂಡು ಹೂ. ಚೆಂಡು ಸಸಿಗೆ 45 ದಿನ, ಟೊಮ್ಯಾಟೊ ಸಸಿಗೆ 25 ದಿನ ಆದಾಗ ಒಟ್ಟಿಗೆ ನಾಟಿ. ಎರಡೂ ಒಂದೇ ಸಲ ಹೂವಿಗೆ ಬರುತ್ತವೆ, ಪತಂಗ ಚೆಂಡು ಹೂವಿಗೆ ಹೋಗಿ ಮೊಟ್ಟೆ ಇಡುತ್ತದೆ. ಬೀಜ ಉಳಿಸಿಕೊಳ್ಳುವ ಆಸೆ ಇದ್ದವರು ಹೈಬ್ರಿಡ್ ಅಲ್ಲದ ತಳಿ ಕೇಳಿ ತರಬೇಕು. ದೆಹಲಿಯ ಪೂಸಾ ಸಂಸ್ಥೆಯ ಪೂಸಾ ನಾರಂಗಿ, ಪೂಸಾ ಬಸಂತಿ ಅಂಥವು. ಇಲ್ಲವೇ ಊರಲ್ಲಿ ಇನ್ನೂ ನಾಟಿ ಚೆಂಡು ಇಟ್ಟುಕೊಂಡ ಅಜ್ಜಿಯರನ್ನು ಹುಡುಕಬೇಕು. ಬೀಜಕ್ಕೆ ಬಿಟ್ಟ ಹೂ ಗಿಡದಲ್ಲೇ ಒಣಗಲಿ. ತುಂಬಾ ಚೆನ್ನಾಗಿರುವ ಗಿಡದ್ದನ್ನೇ ಬಿಡಿ, ಅದೇ ಕಷ್ಟದ ಭಾಗ, ಚೆನ್ನಾಗಿದ್ದದ್ದೇ ಮೊದಲು ಹಾರಕ್ಕೆ ಹೋಗಿಬಿಡುತ್ತದೆ. ಹತ್ತಿರದಲ್ಲಿ ಹೈಬ್ರಿಡ್ ಹೊಲ ಇದ್ದರೆ ದುಂಬಿಗಳು ಬೆರಕೆ ಮಾಡುತ್ತವೆ ಅನ್ನುವುದೂ ಗೊತ್ತಿರಲಿ.

ಬದುವಿನ ಹೂವಿಗೆ ಇಷ್ಟೂ ಉಪಚಾರ ಬೇಡ. ವಿಷ ಹೊಡೆಯದಿದ್ದರೆ ಸಾಕು. 2022ರಲ್ಲಿ ಕೇಂದ್ರ ಸರ್ಕಾರ ಗ್ಲೈಫೋಸೇಟ್ ಕಳೆನಾಶಕವನ್ನು ತರಬೇತಾದ ಕೀಟ ನಿಯಂತ್ರಣದವರು ಬಿಟ್ಟು ಬೇರೆಯವರು ಬಳಸಬಾರದು ಅಂತ ಆದೇಶ ಮಾಡಿತು. ನಾವು ನೋಡಿದ ಬದುಗಳಿಗೆ ಆ ಆದೇಶ ತಲುಪಿರಲಿಲ್ಲ. ಹೊಡೆಯುವವರನ್ನು ಬೈಯುವುದು ಸುಲಭ. ಬದು ಸವರಲು ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಕೊಡಲು ಆಗುವುದಿಲ್ಲ. ಒಂದು ಬಾಟಲಿಗೆ ಕೆಲಸ ಮುಗಿಯುತ್ತದೆ. ಸಿರಾದ ಆ ಹೊಲದ ಯಜಮಾನರೂ ಹೇಳಿದ್ದು ಇದನ್ನೇ. ಅವರಿಗೆ ಉತ್ತರ ಕೊಡಲು ನಮ್ಮಲ್ಲಿ ಯಾರಿಗೂ ಆಗಲಿಲ್ಲ. ದನ ಇದ್ದಾಗ ಬದುವಿನ ಹುಲ್ಲಿಗೆ ಬೆಲೆ ಇತ್ತು, ದನ ಹೋದ ಮೇಲೆ ಅದು ಕಳೆಯಾಯಿತು. ಸಗಣಿ ಉಂಡೆಗೂ ಈಗ ಆ ಬೀದಿಯಲ್ಲಿ ಒಂದೇ ಮನೆಗೆ ಹೋಗಬೇಕು.

ಈ ವರ್ಷ ಮಳೆ ಶುರುವಾದಾಗ ನಮ್ಮ ಗೆಳೆಯ ಅಜ್ಜಿಗೆ ಹುಚ್ಚೆಳ್ಳು ಬೀಜ ತಲುಪಿಸಿದ, ಒಂದು ಪಾವು. ರಾಗಿ ಹೊಲದ ಸುತ್ತ ಎರಡು ಸಾಲು ಎಳೆದಿದ್ದಾರೆ ಅಂತ ಫೋನಿನಲ್ಲಿ ಹೇಳಿದ. ಹಾವೇರಿಯ ಒಡೆದ ಬೀಜದ ಚೆಂಡು ಸಸಿಯನ್ನೂ ಹಿತ್ತಲಲ್ಲಿ ನೆಟ್ಟಿದ್ದಾರಂತೆ. ಒಂದೇ ಸುತ್ತು ಎಸಳಿನ ಹೂ ಬಿಟ್ಟಾಗ ನಾವು ಬೇಜಾರಾಗಿ ಫೋಟೊ ಕಳಿಸು ಅಂದೆವು. ಅಜ್ಜಿಗೆ ಅದೇ ಇಷ್ಟವಾಯಿತಂತೆ. ಚಿಕ್ಕವರಿದ್ದಾಗ ತವರಿನ ಹಿತ್ತಲಲ್ಲಿ ಇದ್ದದ್ದು ಇಂಥದೇ ಅಂದರಂತೆ.

ಕಳೆದ ವರ್ಷದ ಆ ಬೆಳಗಿನದು ಇನ್ನೊಂದು ಹೇಳಲು ಬಿಟ್ಟಿದ್ದೆವು. ಶಾಲೆಯ ಹಿಂದೆ ಉತ್ತರಾಣಿ ಕಿತ್ತು ಬರುವಾಗ ನಮ್ಮೆಲ್ಲರ ಪ್ಯಾಂಟು, ಚೂಡಿದಾರದ ತುಂಬ ಅದರ ಬೀಜ ಚುಚ್ಚಿಕೊಂಡಿತ್ತು. ಜಗಲಿ ಮೇಲೆ ಕೂತು ಒಂದೊಂದೇ ಕಿತ್ತು ಅಂಗಳಕ್ಕೆ ಎಸೆಯತೊಡಗಿದೆವು. ಅಜ್ಜಿ ಒಳಗಿಂದ ನೋಡಿ ಕೂಗಿದರು:

“ಬಾಗ್ಲಲ್ ಕೊಡವ್ಬ್ಯಾಡ್ರೋ! ಎದ್ದೋಗಿ ಬದಿನ್ ತಾವ್ ಕೊಡವ್ಕಂಬರ್ರಿ.”

ಹೋಗಿ ಕೊಡವಿ ಬಂದೆವು.